ಲಿಯಾನ್‌ನಲ್ಲಿ ಓದುತ್ತಾ, ಮಾಂಸ ಮುಟ್ಟದೆ, ಕಡಿಮೆ ದುಡ್ಡಿನಲ್ಲಿ ಫ್ರೆಂಚ್ ಊಟ, ವೈನ್ ಸವಿಯುವುದು ಹೇಗೆ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು: ಮಾಸ್ಟರ್ಸ್ ಓದಲು ಫ್ರಾನ್ಸಿನ ಲಿಯಾನ್‌ಗೆ ಹೊರಟಿದ್ದೀರಿ. ಮೊಟ್ಟೆ ಆಗುತ್ತದೆ, ಮಾಂಸ ಮೀನು ಆಗುವುದಿಲ್ಲ. ರೂಮಿನಲ್ಲಿ ಒಂದು ಎಲೆಕ್ಟ್ರಿಕ್ ಒಲೆ, ಪುಟ್ಟ ಫ್ರಿಜ್ ಬಿಟ್ಟರೆ ಏನಿಲ್ಲ, ಓವನ್ ಇಲ್ಲ. ಎರಡು ವರ್ಷ ಬರೀ ಅನ್ನ ಸಾರು ತಿಂದು ವಾಪಸ್ ಬರಲು ಮನಸ್ಸಿಲ್ಲ. ಹಾಗೆ ಬರಬೇಕಾಗಿಯೂ ಇಲ್ಲ. ಆದರೆ ನಿಮ್ಮ ಬಜೆಟ್ಟಿಗೆ ಒಳ್ಳೆಯ ರುಚಿ ಸಿಗುವುದು ಬೇಕರಿ, ಸಂತೆ, ಚೀಸ್ ಅಂಗಡಿಗಳಲ್ಲೇ ಹೊರತು ರಾತ್ರಿ ಊಟದ ರೆಸ್ಟೋರೆಂಟ್‌ಗಳಲ್ಲಿ ಅಲ್ಲ.

ವಾರದ ದಿನಗಳ ಮಧ್ಯಾಹ್ನವನ್ನು ಕ್ರೂಸ್ (ಸರ್ಕಾರಿ ವಿದ್ಯಾರ್ಥಿ ಸೇವಾ ಸಂಸ್ಥೆ) ಕ್ಯಾಂಟೀನಿಗೆ ಬಿಟ್ಟುಬಿಡಿ. ವಿದ್ಯಾರ್ಥಿಗಳಿಗೆ ಮಾಮೂಲಿ ಊಟ 3.30 ಯೂರೋ ದಾಟುವುದಿಲ್ಲ, ಇಜ್ಲಿ ಆ್ಯಪ್‌ನಲ್ಲಿ ದುಡ್ಡು ಕಟ್ಟಬಹುದು. ರುಚಿಯ ಬಗ್ಗೆ ಹೇಳಿಕೊಳ್ಳುವಂಥದ್ದೇನಿಲ್ಲ, ಹೊಟ್ಟೆ ತುಂಬುತ್ತದೆ. ಅಲ್ಲಿ ಉಳಿದ ದುಡ್ಡು ವಾರಾಂತ್ಯದ ಖರ್ಚಿಗೆ.

ಬೇಕರಿಯಲ್ಲಿ ಬರೀ ಬ್ಯಾಗೆಟ್ (ಉದ್ದನೆಯ ಫ್ರೆಂಚ್ ಬ್ರೆಡ್ಡು) ಕೇಳದೆ ‘ಯೂನ್ ತ್ರಾದಿಸ್ಯೋಂ’ ಎಂದು ಕೇಳಿ. 1993ರ ಸರ್ಕಾರಿ ಆದೇಶದ ಪ್ರಕಾರ ಈ ಹೆಸರಿನಲ್ಲಿ ಮಾರುವ ಬ್ರೆಡ್ಡಿಗೆ ಕೃತಕ ಸೇರ್ಪಡೆಗಳನ್ನು ಹಾಕುವಂತಿಲ್ಲ, ತಯಾರಿಕೆಯ ಯಾವ ಹಂತದಲ್ಲೂ ಫ್ರೀಜ್ ಮಾಡುವಂತಿಲ್ಲ. ಒಂದಿಷ್ಟು ಸೆಂಟ್ ಹೆಚ್ಚು ಬೀಳುತ್ತದೆ, ಬೀಳಲಿ. ‘ಬಿಯಾಂ ಕ್ವೀತ್’ ಎಂದು ಸೇರಿಸಿದರೆ ಚೆನ್ನಾಗಿ ಕೆಂಪಗೆ ಬೆಂದದ್ದನ್ನು ಆರಿಸಿ ಕೊಡುತ್ತಾರೆ. ಒಬ್ಬರಿಗೆ ಅರ್ಧ ಸಾಕು, ಅರ್ಧವನ್ನೂ ಮಾರುತ್ತಾರೆ. ಮಿಕ್ಕಿದ್ದನ್ನು ಫ್ರಿಜ್‌ನಲ್ಲಿ ಇಡಬೇಡಿ, ಆ ತಂಪಿನಲ್ಲಿ ಪಿಷ್ಟ ಬೇಗ ಗಟ್ಟಿಯಾಗಿ ಬ್ರೆಡ್ಡು ಹೊರಗಿಟ್ಟದ್ದಕ್ಕಿಂತ ಮೊದಲೇ ಹಳಸಲಾಗುತ್ತದೆ. ಅದೇ ಸಂಜೆ ಫ್ರೀಜರಿಗೆ ಹಾಕಿ. ಬೇಕಾದಾಗ ಹೊರತೆಗೆದು, ಕರಗಿದ ಮೇಲೆ ಹೊರಪದರಕ್ಕೆ ಒದ್ದೆ ಕೈ ಸವರಿ, ಮುಚ್ಚಳ ಮುಚ್ಚಿದ ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬಿಸಿಮಾಡಿ. ಕ್ರೋಸಾಂ ಕೊಳ್ಳುವಾಗ ‘ಓ ಬರ್’ ಎಂದು ಬರೆದಿದೆಯೇ ನೋಡಿ. ಅದು ಬೆಣ್ಣೆಯದು. ‘ಆರ್ಡಿನೇರ್’ ಎಂದಿದ್ದರೆ ಸಾಮಾನ್ಯವಾಗಿ ಮಾರ್ಗರಿನ್.

ಇನ್ನು ಚೀಸ್. ಇಲ್ಲಿ ಒಂದು ತೀರ್ಮಾನ ನಿಮ್ಮದೇ ಆಗಬೇಕು. ಕೊಂತೆ, ರೊಕ್‌ಫೋರ್, ಬ್ರೀ ದ ಮೋ ಮುಂತಾದ ಹೆಸರಾಂತ ಚೀಸ್‌ಗಳಲ್ಲಿ ಹಾಲು ಒಡೆಯಲು ಬಳಸುವುದು ಕರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್. ಲೇಬಲ್ಲಿನಲ್ಲಿ ಅದು ‘ಪ್ರೆಜ್ಯೂರ್’ ಎಂದಿರುತ್ತದೆ. ಅದು ಬೇಡವಾದರೆ ‘ಕೊಆಗ್ಯುಲಾಂ ಮಿಕ್ರೋಬಿಯಾಂ’ ಅಥವಾ ‘ವೆಜೆತಾಲ್’ ಎಂದಿರುವುದನ್ನು ಹುಡುಕಬೇಕು. ಸೂಪರ್ ಮಾರ್ಕೆಟ್ಟಿನ ಮಾಮೂಲಿ ಚೀಸ್‌ಗಳಲ್ಲಿ ಸಿಗುತ್ತದೆ, ಹಳೆಯ ಊರಿನ ಹೆಸರು ಹೊತ್ತವುಗಳಲ್ಲಿ ಅಪರೂಪ. ಅಗ್ಗದ ಮೂಸ್, ಕ್ರೀಮ್ ಡೆಸರ್ಟ್‌ಗಳಲ್ಲಿ ‘ಜೆಲಾತಿನ್’ (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು) ಇದೆಯೇ ಎಂದೂ ನೋಡಿ.

ರೆನೆಟ್ ನಡೆಯುತ್ತದೆ ಎನ್ನುವವರಾದರೆ ಸೂಪರ್ ಮಾರ್ಕೆಟ್ಟಿನ ಪ್ಲಾಸ್ಟಿಕ್ ಪೊಟ್ಟಣ ಬಿಟ್ಟು ಚೀಸ್ ಅಂಗಡಿಗೆ ಹೋಗಿ ಸ್ವಲ್ಪಸ್ವಲ್ಪವೇ ಕತ್ತರಿಸಿಕೊಡಲು ಹೇಳಿ. 100 ಗ್ರಾಂ ಕೇಳಲು ಸಂಕೋಚ ಬೇಡ, ಅಲ್ಲಿ ಅದು ಮಾಮೂಲು. ‘ಪೂರ್ ಸ ಸ್ವಾರ್’, ಅಂದರೆ ಇವತ್ತು ರಾತ್ರಿಗೆ ಎಂದರೆ ಸರಿಯಾಗಿ ಮಾಗಿದ್ದನ್ನು ಆರಿಸಿ ಕೊಡುತ್ತಾರೆ. ಲಿಯಾನ್‌ನಲ್ಲಿ ಮೊದಲು ತಿನ್ನಬೇಕಾದದ್ದು ಸೇಂ ಮಾರ್ಸೆಲಾಂ. ಅಂಗೈಯಗಲದ ಬಿಲ್ಲೆ, ಸುಮಾರು 80 ಗ್ರಾಂ, ಮಾಗಿದರೆ ಒಳಗೆ ಹರಿಯುವಷ್ಟು ಮೆತ್ತಗಿರುತ್ತದೆ. ತಿನ್ನುವ ಒಂದು ಗಂಟೆ ಮೊದಲು ಫ್ರಿಜ್‌ನಿಂದ ಹೊರಗಿಡಿ. ತಣ್ಣಗಿದ್ದರೆ ಕೊಬ್ಬು ಗಟ್ಟಿಯಾಗಿ ವಾಸನೆಯೇ ಬರುವುದಿಲ್ಲ, ‘ಚಪ್ಪೆ’ ಎಂದು ದೂರುವವರಲ್ಲಿ ಅರ್ಧಕ್ಕರ್ಧ ಜನ ಮಾಡುವ ತಪ್ಪು ಇದೇ.

ಒಲೆಯೇ ಹಚ್ಚದೆ ಮಾಡಬಹುದಾದ ಲಿಯಾನ್ ತಿನಿಸು ಸೆರ್ವೆಲ್ ದ ಕಾನ್ಯೂ. ಹೆಸರಿನ ಅರ್ಥ ‘ರೇಷ್ಮೆ ನೇಕಾರನ ಮಿದುಳು’, ಒಳಗೆ ಮಾಂಸದ ಸುಳಿವೂ ಇಲ್ಲ. 500 ಗ್ರಾಂ ಫೆಸೆಲ್ ಅಥವಾ ಫ್ರೊಮಾಜ್ ಬ್ಲಾಂ (ಎರಡೂ ಗಟ್ಟಿ ಮೊಸರಿನಂಥ ತಾಜಾ ಚೀಸ್) ತಂದು, ಶ್ರೀಖಂಡಕ್ಕೆ ಮೊಸರು ಕಟ್ಟುವಂತೆ ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್‌ನಲ್ಲಿ ಸೋರಲು ಬಿಡಿ. ಬೆಳಿಗ್ಗೆ ಫೋರ್ಕಿನಿಂದ ಕದಡಿ, ತೀರಾ ಸಣ್ಣಗೆ ಹೆಚ್ಚಿದ ಒಂದು ಶಾಲಟ್ ಈರುಳ್ಳಿ, ಅರ್ಧ ಎಸಳು ಬೆಳ್ಳುಳ್ಳಿ, ಒಂದು ಹಿಡಿ ಚೈವ್ಸ್ (ಈರುಳ್ಳಿ ಸೊಪ್ಪಿನಂಥದ್ದು), ಎರಡು ಚಮಚ ಆಲಿವ್ ಎಣ್ಣೆ, ಒಂದು ಚಮಚ ವೈನ್ ವಿನೆಗರ್, ಧಾರಾಳ ಕರಿಮೆಣಸು ಸೇರಿಸಿ. ಉಪ್ಪು ತಿನ್ನುವ ಹೊತ್ತಿಗೆ ಹಾಕಿ, ಮೊದಲೇ ಹಾಕಿದರೆ ಮತ್ತೆ ನೀರು ಬಿಡುತ್ತದೆ. ಮಿಕ್ಸಿಗೆ ಹಾಕಿದರೆ ತೆಳುವಾಗಿ ಕೆಡುತ್ತದೆ. ಎರಡು ಗಂಟೆ ಬಿಟ್ಟು, ಬೇಯಿಸಿದ ಆಲೂಗಡ್ಡೆ ಜೊತೆ ತಿನ್ನಿ. ಒಬ್ಬರಿಗೆ ಎರಡು ಹೊತ್ತಿಗಾಗುತ್ತದೆ.

ಇನ್ನೊಂದು ಕ್ನೆಲ್, ಅಂದರೆ ಉದ್ದನೆಯ ಕಡುಬಿನಂಥ ತಿನಿಸು. ಊರಿನ ಹೆಮ್ಮೆಯ ಕ್ನೆಲ್ ಪೈಕ್ ಮೀನಿನದು, ಆದರೆ ರವೆ ಅಥವಾ ಹಿಟ್ಟು, ಮೊಟ್ಟೆ, ಹಾಲು, ಬೆಣ್ಣೆಯ ‘ಕ್ನೆಲ್ ನಾತ್ಯೂರ್’ ಎಲ್ಲ ಸೂಪರ್ ಮಾರ್ಕೆಟ್ಟಿನಲ್ಲೂ ಸಿಗುತ್ತದೆ. ಕೆಲವರು ದನದ ಕೊಬ್ಬು ಹಾಕುತ್ತಾರೆ, ಪಟ್ಟಿಯಲ್ಲಿ ‘ಗ್ರೆಸ್ ದ ಬಫ್’ ಇದ್ದರೆ ಬಿಡಿ. ಓವನ್ ಇಲ್ಲದಿದ್ದರೆ ಅಗಲ ಪಾತ್ರೆಯಲ್ಲಿ ತೆಳ್ಳಗಿನ ಟೊಮೆಟೊ ಸಾಸ್ ಕುದಿಸಿ, ಉರಿ ತಗ್ಗಿಸಿ, ಕ್ನೆಲ್ ಇಟ್ಟು ಮುಚ್ಚಿ ಸುಮಾರು 20 ನಿಮಿಷ. ಚೆನ್ನಾಗಿ ಉಬ್ಬುತ್ತವೆ, ನಡುವೆ ಜಾಗ ಬಿಡಿ. ಸಾಸ್ ಕಮ್ಮಿಯಾದರೆ ಹೀರಿಕೊಂಡು ತಳ ಹಿಡಿಯುತ್ತದೆ. ಇಳಿಸಿದ ಕೂಡಲೇ ತಿನ್ನಿ, ತಡಮಾಡಿದರೆ ಕುಸಿಯುತ್ತವೆ.

ರೆಸ್ಟೋರೆಂಟ್‌ಗೆ ಹೋಗುವುದಾದರೆ ತಿಂಗಳಿಗೊಮ್ಮೆ, ವಾರದ ದಿನ, ಮಧ್ಯಾಹ್ನ 12ರಿಂದ 1:30ರೊಳಗೆ. ‘ಫಾರ್ಮ್ಯೂಲ್’ ಎಂಬ ಎರಡು ತಿನಿಸುಗಳ ಊಟ ಸುಮಾರು 16ರಿಂದ 22 ಯೂರೋ, ಅದೇ ಅಡುಗೆಮನೆಯಲ್ಲಿ ರಾತ್ರಿ ದರ ಬೇರೆಯೇ. ಬಹಳ ಕಡೆ ಎರಡೂವರೆಗೆ ಅಡುಗೆಮನೆ ಮುಚ್ಚಿದರೆ ಸಂಜೆ ಏಳರವರೆಗೆ ತೆರೆಯುವುದಿಲ್ಲ. ‘ಆಂತ್ರೆ’ ಎಂದರೆ ಊಟದ ಮೊದಲ ತಿನಿಸು, ಮುಖ್ಯ ಊಟವಲ್ಲ. ನೀರು ಕೇಳುವಾಗ ‘ಯೂನ್ ಕರಾಫ್ ದೋ’ ಎನ್ನಿ, ಅದು ಉಚಿತ, ಬರೀ ನೀರು ಎಂದರೆ ಬಾಟಲಿ ತಂದು ಬಿಲ್ಲಿಗೆ ಹಾಕಬಹುದು. ಸರ್ವಿಸ್ ದರದಲ್ಲೇ ಸೇರಿದೆ, ಟಿಪ್ಸ್ ನಿಮ್ಮಿಷ್ಟ. ಮೊಟ್ಟೆ ಹಾಕಿದ ಸೊಪ್ಪಿನ ಸಲಾಡ್ ಸಲಾದ್ ಲಿಯೊನೇಸ್‌ಗೆ ‘ಸಾಂ ಲಾರ್ದೋಂ’ ಎಂದು ಹೇಳದಿದ್ದರೆ ಹಂದಿಮಾಂಸದ ಚೂರು ಬರುತ್ತವೆ. ಈರುಳ್ಳಿ ಸೂಪಿನಲ್ಲಿ ಮೇಲೆ ಕಾಣುವುದು ಚೀಸ್ ಮತ್ತು ಬ್ರೆಡ್ಡು, ಆದರೆ ಕೆಳಗಿನ ತಿಳಿ ಹೆಚ್ಚಾಗಿ ದನದ ಮೂಳೆಯದು.

ವೈನ್ ವಿಷಯಕ್ಕೆ ಬಂದರೆ ಬೋರ್ಡೋ ಹಿಂದೆ ಓಡಬೇಡಿ. ಲಿಯಾನ್ ಪಕ್ಕದಲ್ಲೇ ಬೋಜೊಲೆ ಎಂಬ ವೈನ್ ಸೀಮೆ ಇದೆ. ನವೆಂಬರ್ ಮೂರನೇ ಗುರುವಾರ ಬರುವ ‘ನೂವೋ’, ಅಂದರೆ ಆ ವರ್ಷದ ಹೊಸ ವೈನ್, ಗದ್ದಲಕ್ಕಷ್ಟೇ ಸರಿ. ನನ್ನನ್ನು ಕೇಳಿದರೆ ಅಲ್ಲಿನ ಹತ್ತು ‘ಕ್ರ್ಯೂ’ಗಳಲ್ಲಿ (ತಮ್ಮದೇ ಹೆಸರಿನಲ್ಲಿ ವೈನ್ ಮಾರುವ ಮೇಲ್ದರ್ಜೆಯ ಜಾಗಗಳು) ಒಂದರ ವೈನನ್ನು, ಬ್ರೂಯಿ ಅಥವಾ ಮೊರ್ಗೋಂ, 9ರಿಂದ 13 ಯೂರೋಗೆ ತನ್ನಿ. ಗಮೇ ದ್ರಾಕ್ಷಿಯದಾದ್ದರಿಂದ ಒಗರು ಕಡಿಮೆ, ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಕುಡಿದರೆ ಹಿತ. ರೂಮಿನ ಬಿಸಿಯಲ್ಲೇ ಕುಡಿದರೆ ಬರೀ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಬಾಟಲಿಯನ್ನು ಮೂವರು ಹಂಚಿಕೊಳ್ಳಿ. ಮಿಕ್ಕಿದರೆ ಬಿರಟೆ ಹಾಕಿ ಫ್ರಿಜ್‌ನಲ್ಲಿಡಿ, ಮೂರು ದಿನ ತಡೆಯುತ್ತದೆ. ಚೀಸ್ ಜೊತೆಗೆ ಕೆಂಪು ವೈನ್ ಎಂಬುದು ಅರ್ಧ ಸತ್ಯ. ಮೇಕೆ ಹಾಲಿನ ಚೀಸ್‌ಗೂ ಕೊಂತೆಗೂ ಬಿಳಿಯೇ ಒಪ್ಪುತ್ತದೆ, ಒಗರು ಕೆಂಪಿನಲ್ಲಿ ಚೀಸ್ ಕಹಿ ಅನಿಸುತ್ತದೆ. ಷಾಂಪೇನ್ ಆಸೆಯಿದ್ದರೆ ಬಾಟಲಿಯಲ್ಲೇ ಎರಡನೇ ಸಲ ಹುದುಗಿಸುವ ಅದೇ ವಿಧಾನದ ಕ್ರೆಮಾಂ ಇದೆ, ಬೆಲೆ ಮೂರನೇ ಒಂದು ಭಾಗದಷ್ಟು. ತೆಗೆಯುವಾಗ ಬಿರಟೆಯನ್ನು ಬಿಗಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಿ.

ಊರಿಗೆ ಬರುವಾಗ ಭಾರತದ ಕಸ್ಟಮ್ಸ್‌ನಲ್ಲಿ ಒಬ್ಬರಿಗೆ ಸುಂಕವಿಲ್ಲದೆ 2 ಲೀಟರ್‌ವರೆಗೆ ಮದ್ಯಕ್ಕೆ ಅವಕಾಶವಿದೆ. 75 ಸೆಂಟಿಲೀಟರ್‌ನ ಎರಡು ಬಾಟಲಿ ಅದರೊಳಗೆ ಬರುತ್ತವೆ. ಚೆಕ್-ಇನ್ ಸೂಟ್‌ಕೇಸಿನ ನಡುವೆ, ಸ್ವೆಟರ್ ಸುತ್ತಿ ಇಡಿ. ಕ್ಯಾಬಿನ್ ಬ್ಯಾಗಿನಲ್ಲಿಟ್ಟರೆ ಸೆಕ್ಯುರಿಟಿಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.