ಐದು ತಿಂಗಳ ಕೋಲಿ ಮಿಶ್ರತಳಿ ಮರಿಗೆ ಹರ್ಡಲ್ ಈಗಲೇ ಬೇಡ

ನಿಮ್ಮ ಐದು ತಿಂಗಳ ಬಾರ್ಡರ್ ಕೋಲಿ (ಕುರಿ ಕಾಯುವ ನಾಯಿ ತಳಿ) ಮಿಶ್ರತಳಿಯ ಮರಿ ಸೋಫಾವನ್ನು ಸಲೀಸಾಗಿ ಹಾರುವುದರಿಂದ ಅಜಿಲಿಟಿಯ (ನಾಯಿಗಳು ಅಡೆತಡೆಗಳನ್ನು ದಾಟಿ ಓಡುವ ಕ್ರೀಡೆ) ಹರ್ಡಲ್‌ಗಳನ್ನು, ಅಂದರೆ ಹಾರಿ ದಾಟುವ ಅಡ್ಡಕಂಬಿಗಳನ್ನು, ಈಗಲೇ ಕಲಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಕಲಿಸಬೇಡಿ. ಈ ಗಾತ್ರದ ನಾಯಿಗಳಲ್ಲಿ ಮೂಳೆಗಳ ತುದಿಯ ಬೆಳವಣಿಗೆಯ ಪದರಗಳು ಗಟ್ಟಿಯಾಗಲು ಸುಮಾರು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಿಡಿಯುವುದರಿಂದ, ಪದೇ ಪದೇ ಜಿಗಿದು ಇಳಿಯುವ ಹೊಡೆತವನ್ನಾಗಲಿ, ವೀವ್ ಪೋಲ್‌ಗಳ (ಸಾಲಾಗಿ ನಿಲ್ಲಿಸಿದ ಕಂಬಗಳ) ನಡುವೆ ಬೆನ್ನು ಬಾಗಿಸುವ ವೇಗದ ಓಟವನ್ನಾಗಲಿ ಅಲ್ಲಿಯವರೆಗೆ ಮುಂದೂಡುವುದೇ ಸರಿ. ಬ್ರಿಟನ್ನಿನ ನಾಯಿಗಳ ಸಂಸ್ಥೆಯಾದ ಕೆನಲ್ ಕ್ಲಬ್ ಸಹ 18 ತಿಂಗಳು ತುಂಬದ ನಾಯಿಯನ್ನು ಅಜಿಲಿಟಿ ಸ್ಪರ್ಧೆಗೆ ಬಿಡುವುದಿಲ್ಲ. ಸೋಫಾದ ಆಟವನ್ನೂ ನಿಲ್ಲಿಸಿ.

ಈಗ ಕಲಿಸಬೇಕಾದುದು ಬೇರೆಯೇ ಇದೆ. ನೆಲದ ಮೇಲೆ ಮಲಗಿಸಿದ ಕೋಲುಗಳನ್ನು ನಿಧಾನವಾಗಿ ದಾಟುವುದು, ತಗ್ಗಾದ ಹಲಗೆಯ ಮೇಲೆ ಹಿಂಗಾಲುಗಳನ್ನಷ್ಟೇ ಇಟ್ಟು ನಿಲ್ಲುವುದು, ಬಕೆಟ್ಟನ್ನು ಎಡಕ್ಕೂ ಬಲಕ್ಕೂ ಸುತ್ತಿ ಬರುವುದು, ಗಿಡ್ಡ ನೇರ ಸುರಂಗದೊಳಗೆ ನುಗ್ಗುವುದು: ಇವು ಸಾಕು. ಮರಿಗೆ ತನ್ನ ಹಿಂಗಾಲುಗಳ ಅರಿವು ಅಷ್ಟಾಗಿ ಇರುವುದಿಲ್ಲ, ಹಲಗೆಯ ಅಭ್ಯಾಸ ಅದಕ್ಕಾಗಿ.

ಆದರೆ ಕುರಿ ಕಾಯುವ ತಳಿಗಳಲ್ಲಿ ನಿಜವಾದ ಕಷ್ಟ ಮೈಯದಲ್ಲ, ಉದ್ರೇಕದ್ದು. ಓಡುವುದೆಲ್ಲವನ್ನೂ ದಿಟ್ಟಿಸಿ ಅಟ್ಟುವ ಹುಟ್ಟುಗುಣವಿರುವ ಮರಿಯು ಮೈದಾನದಲ್ಲಿ ಬೇರೆ ನಾಯಿಗಳನ್ನು ಬೆನ್ನಟ್ಟುತ್ತದೆ, ಇಲ್ಲವೇ ನಿಮ್ಮ ಹಿಮ್ಮಡಿಗೇ ಬಾಯಿ ಹಾಕುತ್ತದೆ. ಹಾಗಾಗಿ ಇತರ ನಾಯಿಗಳು ಓಡುವಾಗ ದೂರದಲ್ಲಿ ಚಾಪೆಯ ಮೇಲೆ ಕೂರಿಸಿ, ಅದು ಅತ್ತ ನೋಡುವುದನ್ನು ಬಿಟ್ಟು ತಾನಾಗಿಯೇ ನಿಮ್ಮತ್ತ ತಿರುಗಿದಾಗಲೆಲ್ಲ ತಿಂಡಿ ಕೊಡಿ; ಓಟದ ಬಹುಮಾನವಾಗಿ ಉದ್ದನೆಯ ಎಳೆದಾಟದ ಆಟಿಕೆಯನ್ನು ಬಳಸಿದರೆ ಹಲ್ಲು ಕಾಲಿನಿಂದ ದೂರ ಉಳಿಯುತ್ತದೆ. ಪಾಠ ಐದು ನಿಮಿಷ ಮೀರದಿರಲಿ.