ದೂರು ಕೊಟ್ಟಿದ್ದೀರಿ, ಸ್ವೀಕೃತಿ ಎಲ್ಲಿ?

ಈ ಕಾನೂನು ಸಲಹಾ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಊರಿನ ಹೆಸರಿನಲ್ಲಿ ಕೇಳುತ್ತವೆ: ಪೊಲೀಸರು ದೂರು ದಾಖಲಿಸದಿದ್ದರೆ ಏನು ಮಾಡಬೇಕು? ಎರಡು ವರ್ಷಗಳಲ್ಲಿ ಅದಕ್ಕೆ ಮೂರು ಬಾರಿ ಉತ್ತರಿಸಿದ್ದೇನೆ. ಮತ್ತೆ ಬಂದಿರುವುದರಿಂದ ಈ ಸಲ ಹೆಚ್ಚು ಜಾಗವನ್ನು ಅದಕ್ಕೇ ಕೊಡುತ್ತೇನೆ. ಉಳಿದವರು ಬೇಸರಿಸಬಾರದು. ಎಫ್‌ಐಆರ್ ಎಂದರೇನು, ವಾರಂಟ್ ಎಂದರೇನು ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ.

*ಪ್ರಶ್ನೆ: ನಾನು ರಾಣೆಬೆನ್ನೂರು ತಾಲ್ಲೂಕಿನ ರೈತ. ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ 64 ಕ್ವಿಂಟಲ್ ಮೆಕ್ಕೆಜೋಳ ಕೊಟ್ಟೆ. ಅವನು ಕೊಟ್ಟ ಚೆಕ್ ಬ್ಯಾಂಕಿನಿಂದ ವಾಪಸಾಯಿತು, ಅವನ ಫೋನ್ ಬಂದ್ ಆಗಿದೆ. ಠಾಣೆಗೆ ನಾಲ್ಕು ಸಲ ಹೋದೆ. ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’ ಎಂದರು. ಶಾಸಕರ ಮನೆಗೂ ಹೋದೆ, ಅವರ ಪಿಎ ಠಾಣೆಗೆ ಫೋನ್ ಮಾಡಿದರು. ಆದರೂ ಏನೂ ಆಗಲಿಲ್ಲ. ಈ ರಾಜ್ಯದಲ್ಲಿ ಬಡವರಿಗೆ ನ್ಯಾಯ ಇದೆಯೇ?*

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ನೀವು ಮೂರು ಪುಟ ಬರೆದಿದ್ದರೂ ಅದರಲ್ಲಿ ಒಂದು ಸಂಗತಿ ಮಾತ್ರ ಇಲ್ಲ: ಠಾಣೆಗೆ ಯಾವ ತಾರೀಖಿನಂದು ಲಿಖಿತ ದೂರು ಕೊಟ್ಟಿರಿ, ಅದರ ಸ್ವೀಕೃತಿ ನಿಮ್ಮಲ್ಲಿದೆಯೇ?

ನನ್ನ ಕಚೇರಿಗೆ ಬರುವ ಹಿರಿಯರ ಕೈಯಲ್ಲಿ ಸಾಮಾನ್ಯವಾಗಿ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ಅದನ್ನು ಮೇಜಿನ ಮೇಲೆ ಸುರಿದರೆ ಪಹಣಿ ಬರುತ್ತದೆ, ರೇಷನ್ ಕಾರ್ಡಿನ ನಾಲ್ಕು ಜೆರಾಕ್ಸ್ ಬರುತ್ತವೆ, ಯಾವುದೋ ಸಭೆಯಲ್ಲಿ ಮಂತ್ರಿಗಳ ಪಕ್ಕ ನಿಂತ ಫೋಟೋ ಬರುತ್ತದೆ. ದೂರಿನ ಪ್ರತಿ ಮಾತ್ರ ಬರುವುದಿಲ್ಲ. ಕೇಳಿದರೆ, ‘ಬಾಯಲ್ಲಿ ಹೇಳಿದೆ ಸಾರ್, ರೈಟರ್ ಬರ್ಕೊಂಡ್ರು’ ಎನ್ನುತ್ತಾರೆ. ಯಾವುದರ ಮೇಲೆ ಬರೆದುಕೊಂಡರು? ಬಂದೋಬಸ್ತ್ ಪಟ್ಟಿಯ ಹಿಂಬದಿಯ ಮೇಲೆ. ಬಾಯಿಮಾತಿನ ದೂರೂ ಕಾನೂನಿನ ಪ್ರಕಾರ ದೂರೇ. ಅದನ್ನು ಬರೆದು, ನಿಮಗೆ ಓದಿ ಹೇಳಿ, ನಿಮ್ಮ ಸಹಿ ಪಡೆಯಬೇಕಾದದ್ದು ಠಾಣಾಧಿಕಾರಿಯ ಕರ್ತವ್ಯ. ಆದರೆ ಅವರು ಹಾಗೆ ಮಾಡಲಿಲ್ಲ ಎಂಬುದನ್ನು ನಾಳೆ ನ್ಯಾಯಾಲಯದಲ್ಲಿ ಯಾವುದರಿಂದ ತೋರಿಸುತ್ತೀರಿ?

ಹುಡುಗ ವಕೀಲನಾಗಿದ್ದಾಗ ನಾನೂ ಇದೇ ತಪ್ಪು ಮಾಡಿದ್ದೇನೆ. ಒಂದು ಠಾಣೆಯ ಇನ್‌ಸ್ಪೆಕ್ಟರ್ ಚಹಾ ತರಿಸಿ ಕೊಟ್ಟು, ‘ಲಾಯರೇ, ನೀವು ಹೋಗಿ, ನಾಳೆ ಕೇಸ್ ಹಾಕ್ತೀನಿ’ ಎಂದರು. ನಂಬಿ ಬಂದೆ. ಮುಂದಿನ ವಾರ ಅವರಿಗೆ ವರ್ಗವಾಯಿತು. ಹೊಸದಾಗಿ ಬಂದವರು, ‘ಅಂಥ ದೂರು ನಮ್ಮಲ್ಲಿ ಇಲ್ಲವಲ್ಲ’ ಎಂದರು; ಅವರು ಹೇಳಿದ್ದು ನಿಜವಾಗಿತ್ತು. ಅಂದಿನಿಂದ ಸೀಲು ಬೀಳದ ಕಾಗದವನ್ನು ನಾನು ದೂರು ಎಂದು ಕರೆಯುವುದಿಲ್ಲ.

ಶಾಸಕರ ಫೋನಿನ ವಿಷಯಕ್ಕೆ ಬರುತ್ತೇನೆ. ಮುಂದಿನ ಸಲ ಠಾಣೆಗೆ ಹೋದಾಗ ಇನ್‌ಸ್ಪೆಕ್ಟರ್ ಕುರ್ಚಿಯ ಹಿಂದಿನ ಗೋಡೆಯ ಮೇಲಿರುವ ಮರದ ಫಲಕವನ್ನು ಓದಿ. ಅಲ್ಲಿ ಕರ್ತವ್ಯ ನಿರ್ವಹಿಸಿದ ಅಧಿಕಾರಿಗಳ ಹೆಸರುಗಳ ಮುಂದೆ ‘ರಿಂದ’, ‘ವರೆಗೆ’ ಎಂಬ ಎರಡು ಸಾಲುಗಳಿರುತ್ತವೆ. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕೆಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ನಿರ್ದೇಶಿಸಿತ್ತು. ಫಲಕದಲ್ಲಿ ಎಷ್ಟು ಮಂದಿ ಎರಡು ವರ್ಷ ಪೂರೈಸಿದ್ದಾರೆ ಎಂದು ನೀವೇ ಎಣಿಸಿ ನೋಡಿ. ಯಾರ ಶಿಫಾರಸು ಪತ್ರದಿಂದ ಆ ಕುರ್ಚಿಗೆ ಬಂದರೋ ಅವರ ಮನೆಯ ಫೋನಿಗೆ ಅಧಿಕಾರಿ ಎದ್ದು ನಿಲ್ಲುತ್ತಾರೆ ಎಂಬುದು ನಿಜ. ಆದರೆ ಆ ನಂಬರು ವ್ಯಾಪಾರಿಯ ಬಳಿಯೂ ಇರುತ್ತದೆ, ಸಾಮಾನ್ಯವಾಗಿ ನಿಮಗಿಂತ ಮೊದಲೇ ಇರುತ್ತದೆ. ಫೋನಿನಲ್ಲಿ ಯಾರು ಏನು ಹೇಳಿದರೆಂಬುದಕ್ಕೆ ಹಿಂಬರಹ ಸಿಗುವುದಿಲ್ಲ. ಎಸ್‌ಪಿ ಕಚೇರಿಗೆ ಹೋದ ಕಾಗದಕ್ಕೆ ಒಂದು ಸಂಖ್ಯೆ ಬೀಳುತ್ತದೆ, ಅದಕ್ಕೆ ಯಾರಾದರೊಬ್ಬರು ಉತ್ತರ ಬರೆಯಲೇಬೇಕಾಗುತ್ತದೆ.

ಈಗ ‘ಸಿವಿಲ್ ಮ್ಯಾಟರ್’ ಎಂಬ ಮಾತು. ಪೊಲೀಸರು ಇದನ್ನು ಕೆಲಸ ತಪ್ಪಿಸಿಕೊಳ್ಳಲು ಬಳಸುತ್ತಾರೆ. ಪ್ರತಿ ಎಫ್‌ಐಆರ್ ಎಂದರೆ ಮತ್ತೊಂದು ತನಿಖಾ ಕಡತ, ತಿಂಗಳ ಅಪರಾಧ ಪರಿಶೀಲನಾ ಸಭೆಯಲ್ಲಿ ಮೇಲಧಿಕಾರಿ ಕೇಳುವ ಮತ್ತೊಂದು ಪ್ರಶ್ನೆ. ಆದರೆ ಎಲ್ಲ ಸಲವೂ ಅವರು ಸುಳ್ಳು ಹೇಳುತ್ತಾರೆಂದು ನಾನು ಒಪ್ಪುವುದಿಲ್ಲ. ಹಣ ಕೊಡದಿರುವುದಷ್ಟೇ ವಂಚನೆ ಆಗುವುದಿಲ್ಲ. ಕೊಳ್ಳುವ ದಿನವೇ ಅವನಿಗೆ ಮೋಸದ ಉದ್ದೇಶವಿತ್ತು ಎಂಬುದು ನಿಮ್ಮ ದೂರಿನ ಸಂಗತಿಗಳಿಂದ ಕಾಣಬೇಕು. ‘ನಂಬಿಕೆ ದ್ರೋಹ ಬಗೆದ ನೀಚನಿಗೆ ಕಠಿಣ ಶಿಕ್ಷೆ ಕೊಡಿಸಿ’ ಎಂದು ಎರಡು ಪುಟ ಬರೆಯುವ ಬದಲು ಸಂಗತಿಗಳನ್ನು ಬರೆಯಿರಿ. ಅವನು ಯಾವ ಹೆಸರು ಹೇಳಿಕೊಂಡ, ಯಾವ ಅಂಗಡಿ ತನ್ನದೆಂದ, ಆ ಅಂಗಡಿ ನಿಜವಾಗಿ ಅಲ್ಲಿದೆಯೇ, ಯಾವ ಲಾರಿಯಲ್ಲಿ ತುಂಬಿದ, ತೂಕದ ಚೀಟಿ ಯಾವ ವೇಬ್ರಿಡ್ಜಿನದು, ಚೆಕ್ ಕೊಟ್ಟ ದಿನ ಆ ಖಾತೆ ಚಾಲ್ತಿಯಲ್ಲಿತ್ತೇ, ನಿಮ್ಮೂರಿನಲ್ಲಿ ಬೇರೆ ಯಾರಿಂದ ಇದೇ ರೀತಿ ಮಾಲು ಒಯ್ದಿದ್ದಾನೆ, ಇಷ್ಟು ಇರಲಿ. ಹಳೆಯ ಚೆಕ್ ಪುಸ್ತಕ, ಮುಚ್ಚಿದ ಖಾತೆ, ಸುಳ್ಳು ವಿಳಾಸ, ಹತ್ತು ರೈತರಿಗೆ ಇದೇ ಆಟ ಎಂದಾದರೆ ಅದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ವಂಚನೆ. ಅವನು ಹತ್ತು ವರ್ಷದಿಂದ ನಿಮ್ಮಿಂದ ಕೊಳ್ಳುತ್ತಿದ್ದು, ಈ ವರ್ಷ ದರ ಬಿದ್ದು ಮುಳುಗಿದ್ದಾನೆ ಎಂದಾದರೆ ಪೊಲೀಸರ ಮಾತೇ ಸರಿ. ಆಗ ಹಣದ ದಾವೆ ಹೂಡಬೇಕು, ಅದಕ್ಕೆ ಮೂರು ವರ್ಷದ ಕಾಲಮಿತಿ ಇದೆ.

ಇದರ ನಡುವೆ ನೀವು ಕಳೆದುಕೊಳ್ಳುತ್ತಿರುವುದು ಚೆಕ್ಕಿನ ಗಡುವು, ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುವುದು ಇಲ್ಲಿಯೇ. ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ಅವನಿಗೆ ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ತಲುಪಿದ 15 ದಿನಗಳಲ್ಲಿ ಅವನು ಹಣ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರಲ್ಲಿ ಖಾಸಗಿ ದೂರು ದಾಖಲಾಗಬೇಕು. ದೂರು ತಡವಾದರೆ ಕಾರಣ ಹೇಳಿ ಕ್ಷಮೆ ಕೇಳಬಹುದು, ನೋಟಿಸ್ ತಡವಾದರೆ ಅದಕ್ಕೆ ಕ್ಷಮೆ ಇಲ್ಲ. ಠಾಣೆಗೆ ನಾಲ್ಕು ಸಲ, ಶಾಸಕರ ಮನೆಗೆ ಎರಡು ಸಲ ತಿರುಗುವುದರೊಳಗೆ 30 ದಿನ ಮುಗಿದಿರುತ್ತದೆ. ಇದಕ್ಕೆ ಪೊಲೀಸರು ಬೇಕಾಗಿಯೇ ಇರಲಿಲ್ಲ. ಚೆಕ್ ಮೇಲಿನ ದಿನಾಂಕದಿಂದ ಮೂರು ತಿಂಗಳು ಕಳೆದಿಲ್ಲವಾದರೆ ಇಂದೇ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ. ಮತ್ತೆ ವಾಪಸಾದರೆ ಹೊಸ ಗಡುವು ಆರಂಭವಾಗುತ್ತದೆ.

ಇನ್ನು ಎಫ್‌ಐಆರ್. ಸಂಜ್ಞೇಯ ಅಪರಾಧ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ) ಕಾಣುವ ದೂರನ್ನು ದಾಖಲಿಸಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2013ರ ನವೆಂಬರ್‌ನಲ್ಲಿ ಹೇಳಿತು. ಆ ಪ್ರಕರಣ ಆರಂಭವಾದದ್ದು, ಅಪಹರಣಕ್ಕೊಳಗಾದ ಮಗಳ ಬಗ್ಗೆ ಕೊಟ್ಟ ದೂರನ್ನು ಠಾಣೆಯವರು ಕಿವಿಗೆ ಹಾಕಿಕೊಳ್ಳದಿದ್ದಾಗ 2008ರಲ್ಲಿ ತಂದೆಯೊಬ್ಬರು ಸಲ್ಲಿಸಿದ ರಿಟ್ ಅರ್ಜಿಯಿಂದ. ವ್ಯಾಪಾರದ ವ್ಯವಹಾರ, ಕೌಟುಂಬಿಕ ಕಲಹದಂಥ ಕೆಲವು ಬಗೆಯ ದೂರುಗಳಲ್ಲಿ ಮೊದಲು ಪ್ರಾಥಮಿಕ ವಿಚಾರಣೆ ನಡೆಸಲು ಅದೇ ತೀರ್ಪು ಅವಕಾಶವನ್ನೂ ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು, ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನಗಳೊಳಗೆ ಇಂಥ ವಿಚಾರಣೆ ಮುಗಿಸಲು ಅವಕಾಶ ನೀಡುತ್ತದೆ. ಆದ್ದರಿಂದ ‘ಇನ್ನೂ ಎನ್‌ಕ್ವೈರಿ ನಡೀತಿದೆ’ ಎಂದು ಮೂರು ತಿಂಗಳು ಓಡಾಡಿಸಿದರೆ ಅದು ಕಾನೂನಲ್ಲ.

ಹೀಗೆ ಮಾಡಿ. ದೂರನ್ನು ಎರಡು ಪ್ರತಿ ಬರೆದು ಒಂದನ್ನು ಠಾಣೆಗೆ ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಜಗಳಕ್ಕೆ ನಿಲ್ಲಬೇಡಿ. ನೇರವಾಗಿ ಅಂಚೆ ಕಚೇರಿಗೆ ಹೋಗಿ ಅದೇ ದೂರನ್ನು ಠಾಣಾಧಿಕಾರಿಗೂ, ಠಾಣೆಯಲ್ಲಿ ಸ್ವೀಕರಿಸಲಿಲ್ಲ ಎಂಬ ಒಂದು ಸಾಲು ಸೇರಿಸಿ ಜಿಲ್ಲಾ ಎಸ್‌ಪಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. (ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್‌ನಿಂದ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ, ಅದನ್ನೇ ಕೇಳಿ ಕೌಂಟರಿನಲ್ಲಿ ವಾದ ಮಾಡಬೇಡಿ.) ಆಮೇಲೂ ಎಫ್‌ಐಆರ್ ಆಗದಿದ್ದರೆ ಅದೇ ನಾಗರಿಕ ಸುರಕ್ಷಾ ಸಂಹಿತೆಯ 175(3)ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಪ್ರಮಾಣಪತ್ರದೊಡನೆ (ಅಫಿಡವಿಟ್) ಅರ್ಜಿ ಸಲ್ಲಿಸಿ. ಆ ಅರ್ಜಿಯ ಜೊತೆ ಲಗತ್ತಿಸಬೇಕಾದದ್ದೇ ನೀವು ನನಗೆ ಕಳುಹಿಸದಿರುವ ಆ ಸ್ವೀಕೃತಿ ಮತ್ತು ಅಂಚೆಯ ರಸೀದಿ. ಮ್ಯಾಜಿಸ್ಟ್ರೇಟರು ಪೊಲೀಸರ ಹೇಳಿಕೆಯನ್ನೂ ಪರಿಗಣಿಸುತ್ತಾರೆ, ಹಾಗಾಗಿ ಪ್ರಮಾಣಪತ್ರದಲ್ಲಿ ಉಪ್ಪುಖಾರ ಸೇರಿಸಬೇಡಿ. ‘ಕೊಲೆ ಬೆದರಿಕೆ ಹಾಕಿದ ಅಂತಲೂ ಸೇರಿಸಿ ಸಾರ್, ಕೇಸ್ ಗಟ್ಟಿಯಾಗುತ್ತೆ’ ಎನ್ನುವ ಕಕ್ಷಿದಾರರ ಕಡತವನ್ನು ನಾನು ಅಲ್ಲಿಯೇ ವಾಪಸು ಕೊಡುತ್ತೇನೆ. ನೇರವಾಗಿ ಹೈಕೋರ್ಟಿಗೆ ಹೋಗುವ ಆತುರವೂ ಬೇಡ. ಎಫ್‌ಐಆರ್ ದಾಖಲಿಸದಿದ್ದಾಗ ಮೊದಲು ಹೋಗಬೇಕಾದದ್ದು ಮ್ಯಾಜಿಸ್ಟ್ರೇಟರ ಬಳಿಗೆ ಎಂದು ಸುಪ್ರೀಂ ಕೋರ್ಟ್ ಸಕೀರಿ ವಾಸು ಪ್ರಕರಣದಲ್ಲಿ 2007ರಲ್ಲೇ ಹೇಳಿದೆ.

ಎಫ್‌ಐಆರ್ ಆದ ಮೇಲೆ ಮಲಗಬೇಡಿ. ಅದರ ಪ್ರತಿ ಉಚಿತವಾಗಿ ನಿಮಗೆ ಸಿಗಬೇಕು, 90 ದಿನಗಳೊಳಗೆ ತನಿಖೆಯ ಪ್ರಗತಿಯನ್ನು ನಿಮಗೆ ತಿಳಿಸಬೇಕು. ಪೊಲೀಸರು ‘ಬಿ ರಿಪೋರ್ಟ್’ (ಪ್ರಕರಣ ಮುಕ್ತಾಯಗೊಳಿಸುವ ವರದಿ) ಹಾಕಿದರೆ ನ್ಯಾಯಾಲಯದಿಂದ ನಿಮಗೆ ನೋಟಿಸ್ ಬರುತ್ತದೆ. ಅದನ್ನು ಸಮನ್ಸ್ ಎಂದು ಹೆದರಿ ತೆಗೆದುಕೊಳ್ಳದೆ ಹಿಂದಿರುಗಿಸಿದವರು ನನಗೆ ಗೊತ್ತು. ಅವರ ಪ್ರಕರಣ ಅಂದೇ ಮುಗಿಯಿತು. ನೋಟಿಸ್ ಪಡೆದು, ಆ ವರದಿಯನ್ನು ಒಪ್ಪುವುದಿಲ್ಲ ಎಂಬ ಪ್ರತಿಭಟನಾ ಅರ್ಜಿ ಸಲ್ಲಿಸಿ.

ಬಡವರಿಗೆ ನ್ಯಾಯ ಇದೆಯೇ ಎಂಬ ನಿಮ್ಮ ಪ್ರಶ್ನೆಯನ್ನು 30 ದಿನದೊಳಗೆ ನೋಟಿಸ್ ಕಳುಹಿಸಿದ ಮೇಲೆ ಕೇಳಿ, ಆಗ ಮಾತಾಡೋಣ.

*ಪ್ರಶ್ನೆ: ನಮ್ಮ ಪಾಲುವಿಭಾಗದ ದಾವೆ 19 ವರ್ಷದಿಂದ ನಡೆಯುತ್ತಿದೆ. ಮುಖ್ಯ ನ್ಯಾಯಮೂರ್ತಿಗಳಿಗೂ ರಾಷ್ಟ್ರಪತಿಗಳಿಗೂ ಪತ್ರ ಬರೆದರೆ ಬೇಗ ತೀರ್ಪು ಬರುತ್ತದೆಯೇ?*

ಬರುವುದಿಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ನಿಮ್ಮ ದಾವೆಯ ದಿನಾಂಕಗಳ ಪಟ್ಟಿ ಸಿಗುತ್ತದೆ, ಆದೇಶ ಹಾಳೆಯ ದೃಢೀಕೃತ ನಕಲು ನ್ಯಾಯಾಲಯದಲ್ಲಿ ಸಿಗುತ್ತದೆ. ಒಂದು ಸಂಜೆ ಕುಳಿತು ಮುಂದೂಡಿಕೆ ಕೇಳಿದ್ದು ಯಾರು ಎಂದು ಎಣಿಸಿ. ನ್ಯಾಯಾಧೀಶರ ಹುದ್ದೆ ಖಾಲಿಯಿದ್ದ ದಿನಗಳು ಬೇಕಾದಷ್ಟು ಸಿಗುತ್ತವೆ, ಅದರ ಹೊಣೆ ಸರ್ಕಾರ ಮತ್ತು ಹೈಕೋರ್ಟಿನದು. ಆದರೆ ‘ವಾದಿ ಗೈರು’, ‘ವಾದಿ ಪರ ವಕೀಲರು ಕಾಲಾವಕಾಶ ಕೋರಿದರು’ ಎಂಬ ಸಾಲುಗಳೂ ಸಿಗುತ್ತವೆ, ಅವು ನಿಮ್ಮವು. ವಿಚಾರಣೆಯಲ್ಲಿ ಒಬ್ಬ ಪಕ್ಷಕಾರನಿಗೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಕೊಡಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶ ಹೇಳುತ್ತದೆ. ಆ ನಿಯಮವನ್ನು ಎದುರಾಳಿಗೆ ಅನ್ವಯಿಸಿ ಎಂದು ಕೇಳಲು ಮೊದಲು ನಿಮ್ಮ ಕೈ ಶುದ್ಧವಾಗಿರಬೇಕು. ಅಣ್ಣತಮ್ಮಂದಿರು ಇನ್ನೂ ಮಾತನಾಡುವ ಸ್ಥಿತಿಯಲ್ಲಿದ್ದರೆ ಲೋಕ ಅದಾಲತ್‌ಗೆ ಹೋಗಿ. ಅಲ್ಲಿನ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕವೂ ವಾಪಸು ಬರುತ್ತದೆ.

*ಪ್ರಶ್ನೆ: ನಾವು ಓಟು ಹಾಕಿ ಗೆಲ್ಲಿಸಿದ ಶಾಸಕ ಪಕ್ಷ ಬದಲಿಸಿದರೆ ಅವರ ಮೇಲೆ ವಂಚನೆ ಕೇಸ್ ಹಾಕಬಹುದೇ?*

ಆಗುವುದಿಲ್ಲ. ಶಾಸಕರನ್ನು ಹಿಂದಕ್ಕೆ ಕರೆಸಿಕೊಳ್ಳುವ ಹಕ್ಕೂ ಮತದಾರರಿಗಿಲ್ಲ. 2019ರಲ್ಲಿ ನಮ್ಮ ವಿಧಾನಸಭೆಯ 17 ಶಾಸಕರು ಅನರ್ಹರಾದರು, ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಉಪಚುನಾವಣೆಗೆ ನಿಲ್ಲಲು ಬಿಟ್ಟಿತು, ಅವರಲ್ಲಿ ಬಹುಪಾಲು ಮಂದಿಯನ್ನು ಅದೇ ಕ್ಷೇತ್ರದ ಮತದಾರರು ಮರಳಿ ಗೆಲ್ಲಿಸಿದರು. ಈ ಪ್ರಶ್ನೆಯನ್ನು ವಕೀಲನಿಗೆ ಕೇಳಬೇಡಿ.

*ಪ್ರಶ್ನೆ: ಲೋಕಾಯುಕ್ತ ದಾಳಿಯಲ್ಲಿ ಸಿಕ್ಕಿಬಿದ್ದವರು ಆರು ತಿಂಗಳಲ್ಲಿ ಮತ್ತೆ ಅದೇ ಇಲಾಖೆಯಲ್ಲಿ ಕೂರುತ್ತಾರೆ. ನಾನೂ ಒಬ್ಬ ಅಧಿಕಾರಿಗೆ ಹಣ ಕೊಟ್ಟಿದ್ದೇನೆ, ಹೇಳಿದರೆ ಪ್ರಯೋಜನ ಇದೆಯೇ?*

ಯಾವಾಗ ಕೊಟ್ಟಿರಿ ಎಂದು ಬರೆದಿಲ್ಲ. ಒತ್ತಾಯಕ್ಕೆ ಮಣಿದು ಲಂಚ ಕೊಟ್ಟವರು ಏಳು ದಿನಗಳೊಳಗೆ ದೂರು ಕೊಟ್ಟರೆ ಮಾತ್ರ ಅವರಿಗೆ ರಕ್ಷಣೆ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಕೊಟ್ಟವರೂ ಅಪರಾಧಿಗಳೇ. ಏಳು ದಿನ ಮೀರಿದ್ದರೆ ನನಗೆ ಪತ್ರ ಬರೆಯುವುದನ್ನು ನಿಲ್ಲಿಸಿ, ಒಬ್ಬ ವಕೀಲರ ಮುಂದೆ ಕುಳಿತು ಮಾತನಾಡಿ. ಮುಂದಿನ ಸಲ ಲಂಚ ಕೇಳಿದಾಗ, ಹಣ ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರ ಬಳಿಗೆ ಹೋಗಿ.

*ಪ್ರಶ್ನೆ: ಠಾಣೆಯಲ್ಲಿ ಪೊಲೀಸರ ಮಾತನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಬಹುದೇ?*

ನಾನಾದರೆ ಮಾಡುವುದಿಲ್ಲ. ಕೈಯಲ್ಲಿ ಮೊಬೈಲ್ ಎತ್ತಿ ಹಿಡಿದ ಕಾರಣಕ್ಕೇ ‘ಕರ್ತವ್ಯಕ್ಕೆ ಅಡ್ಡಿ’ ಎಂಬ ಪ್ರಕರಣಕ್ಕೆ ಸಿಕ್ಕಿಕೊಂಡವರಿದ್ದಾರೆ. ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು, ಅದು ಸಾಧ್ಯವಿಲ್ಲದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಹೋದ ದಿನ, ಗಂಟೆ ಬರೆದಿಟ್ಟುಕೊಂಡು, ಆ ಅವಧಿಯ ದೃಶ್ಯಗಳನ್ನು ಅಳಿಸದೆ ಕಾಯ್ದಿಡಿ ಎಂದು ಎಸ್‌ಪಿಗೆ ಅಂದೇ ಪತ್ರ ಹಾಕಿ.

*ಪ್ರಶ್ನೆ: ‘ಮಾನವ ಹಕ್ಕು’ ಸಂಘದವರೊಬ್ಬರು 5,000 ರೂಪಾಯಿಗೆ ಗುರುತಿನ ಚೀಟಿ ಕೊಡುತ್ತಾರಂತೆ. ಅದನ್ನು ತೋರಿಸಿದರೆ ಠಾಣೆಯಲ್ಲಿ ಮರ್ಯಾದೆ ಸಿಗುತ್ತದೆಯೇ?*

ಆ ಚೀಟಿಗೂ ಮದುವೆ ಛತ್ರದ ಊಟದ ಟೋಕನ್ನಿಗೂ ಕಾನೂನಿನಲ್ಲಿ ವ್ಯತ್ಯಾಸವಿಲ್ಲ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಲು ಶುಲ್ಕವಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಈಗಾಗಲೇ ಹಣ ಕೊಟ್ಟಾಗಿದ್ದರೆ ಆ ಸಂಘದ ಮೇಲೆ ದೂರು ಕೊಡಿ, ಎರಡು ಪ್ರತಿ ಮಾಡಿಸಿಕೊಂಡು ಹೋಗಿ.