ವೈದ್ಯರನ್ನು ಕೇಳಿ: ಸಿಯಾಚಿನ್‌ಗೆ ಹೊರಟ ಮಗಳು

ಪ್ರಶ್ನೆ: ಎಂಬಿಬಿಎಸ್ ಮುಗಿಸಿ ಶಾರ್ಟ್ ಸರ್ವಿಸ್ ಕಮಿಷನ್ ಮೂಲಕ ಸೇನೆ ಸೇರಿದ ನನ್ನ ಮಗಳನ್ನು ಸಿಯಾಚಿನ್ ಭಾಗದ ಬೆಟಾಲಿಯನ್ ಒಂದಕ್ಕೆ ವೈದ್ಯಾಧಿಕಾರಿಯಾಗಿ ಕಳುಹಿಸುತ್ತಿದ್ದಾರೆ. ತಜ್ಞರಿಲ್ಲದ ಜಾಗದಲ್ಲಿ ಇಷ್ಟು ಕಡಿಮೆ ಅನುಭವದವಳು ಏನು ತಾನೇ ಮಾಡಬಲ್ಲಳು? ಅವಳ ಮುಂದಿನ ಓದಿನ ಗತಿಯೇನು?
– ಓದುಗರೊಬ್ಬರು, ಹಾವೇರಿ

ಉತ್ತರ: ತಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಸೇನೆಯಲ್ಲಿ ಎಲ್ಲರೂ ಆರ್‌ಎಂಒ ಎಂದು ಕರೆಯುವ ಬೆಟಾಲಿಯನ್ ವೈದ್ಯರು ದೊಡ್ಡ ಶಸ್ತ್ರಚಿಕಿತ್ಸೆ ಮಾಡಲೆಂದು ಅಲ್ಲಿರುವುದಿಲ್ಲ. ಕಾಯಿಲೆ ಬಾರದಂತೆ ನೋಡಿಕೊಳ್ಳುವುದು, ಬಂದರೆ ಎಲ್ಲರಿಗಿಂತ ಮೊದಲು ಗುರುತಿಸುವುದು, ರೋಗಿಯನ್ನು ತಡಮಾಡದೆ ಕೆಳಗಿಳಿಸುವುದು ಅವರ ಹೊಣೆ. ಆ ಎತ್ತರದಲ್ಲಿ ಇದಕ್ಕಿಂತ ಹೆಚ್ಚು ಜೀವ ಉಳಿಸುವ ವೈದ್ಯಕೀಯ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ.

18,000 ಅಡಿ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು ಅರ್ಧದಷ್ಟು ಮಾತ್ರ. ಆದ್ದರಿಂದ ಸೈನಿಕರನ್ನು ಒಮ್ಮೆಲೇ ಮೇಲಕ್ಕೆ ಕಳುಹಿಸದೆ, 9,000 ಅಡಿಯಿಂದ ಮೂರು ಹಂತಗಳಲ್ಲಿ, ಮೊದಲ ಹಂತಕ್ಕೆ 6 ದಿನ, ಉಳಿದೆರಡಕ್ಕೆ ತಲಾ 4 ದಿನಗಳಂತೆ ಹವೆಗೆ ಒಗ್ಗಿಸುತ್ತಾರೆ. 1962ರ ಯುದ್ಧದ ನಂತರದ ವರ್ಷಗಳಲ್ಲಿ ಹಿಮಾಲಯದ 1,925 ಸೈನಿಕರನ್ನು ಪರೀಕ್ಷಿಸಿದ ನಮ್ಮದೇ ಸೇನಾ ವೈದ್ಯರು 1969ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈ ವಿಷಯದಲ್ಲಿ ಪ್ರಪಂಚದ ವೈದ್ಯರೆಲ್ಲ ಗೌರವದಿಂದ ಓದಿದ್ದಾರೆ.

ನಿಜವಾದ ಕಷ್ಟವೆಂದರೆ, ಜವಾನರು ತಮ್ಮ ತೊಂದರೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಜೊತೆಯವರನ್ನು ಬಿಟ್ಟು ಕೆಳಗಿಳಿಯುವುದು ಅವರಿಗೆ ಅವಮಾನವೆನಿಸುತ್ತದೆ. ಆದ್ದರಿಂದ ಆರ್‌ಎಂಒ ಊಟದ ಹೊತ್ತಿನಲ್ಲೇ ಕಣ್ಣಿಟ್ಟಿರಬೇಕಾಗುತ್ತದೆ: ಯಾರು ತಟ್ಟೆಯನ್ನು ಮುಟ್ಟದೆ ಬದಿಗಿಟ್ಟರು, ಯಾರಿಗೆ ಒಣಕೆಮ್ಮು, ಸುಮ್ಮನೆ ಕುಳಿತಾಗಲೂ ಯಾರಿಗೆ ಏದುಸಿರು. ಸಂಶಯ ಬಂದರೆ, ಒಂದು ಹಿಮ್ಮಡಿಯ ಮುಂದೆ ಇನ್ನೊಂದು ಹೆಜ್ಜೆಯನ್ನು ತಾಗಿಸುತ್ತಾ ನೇರ ಗೆರೆಯಲ್ಲಿ ನಡೆಯಲು ಹೇಳುತ್ತಾರೆ. ಓಲಾಡಿದರೆ ಮಿದುಳು ಊದಿಕೊಳ್ಳುತ್ತಿರಬಹುದೆಂದು ತಿಳಿಯಬೇಕು. ಶ್ವಾಸಕೋಶದಲ್ಲಿ ನೀರು ತುಂಬಿದವನಿಗೆ ಆಮ್ಲಜನಕ ಮತ್ತು ನಿಫೆಡಿಪಿನ್, ಮಿದುಳಿನ ಊತಕ್ಕೆ ಆಮ್ಲಜನಕದೊಡನೆ ಡೆಕ್ಸಾಮೆಥಸೋನ್ ಕೊಡಬಹುದಾದರೂ ಇವು ಸಮಯ ಗಳಿಸಿಕೊಡುವ ಮದ್ದುಗಳಷ್ಟೆ, ನಿಜವಾದ ಚಿಕಿತ್ಸೆ ಇಳಿಯುವುದೇ. ಹಿಮಗಾಳಿಯಲ್ಲಿ ಹೆಲಿಕಾಪ್ಟರ್ ಬಾರದಿದ್ದಾಗ ರೋಗಿಯನ್ನು ಗಾಳಿ ತುಂಬುವ ಹಾಪೋ ಚೀಲದೊಳಗೆ ಮಲಗಿಸಿ, ಹೊರಗಿನಿಂದ ಪಂಪು ಒತ್ತಿ ಒತ್ತಡ ಹೆಚ್ಚಿಸುತ್ತಾರೆ. ಆಗ ಅವನ ದೇಹಕ್ಕೆ ಸಾವಿರಾರು ಅಡಿ ಕೆಳಗಿಳಿದಂತಾಗುತ್ತದೆ. ಚುಚ್ಚುಮದ್ದು ಹೆಪ್ಪುಗಟ್ಟದಂತೆ ಅದನ್ನು ಅಂಗಿಯ ಒಳಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊಳ್ಳುವುದನ್ನೂ ಅಲ್ಲಿ ಬೇಗನೆ ಕಲಿಯುತ್ತಾರೆ.

ಎಲ್ಲರನ್ನೂ ಉಳಿಸಲಾಗುವುದಿಲ್ಲ ಎಂಬುದನ್ನೂ ತಮಗೆ ಹೇಳಬೇಕು. ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರವರಿಯಲ್ಲಿ ಆರು ದಿನ ಹಿಮದಡಿ ಹುದುಗಿದ್ದೂ ಜೀವಂತವಾಗಿ ಸಿಕ್ಕಿದರು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಎಲ್ಲ ಪ್ರಯತ್ನ ನಡೆದರೂ 11ರಂದು ತೀರಿಕೊಂಡರು. ಇಂಥ ಸಾವುಗಳ ಭಾರವನ್ನು ಕಿರಿಯ ವೈದ್ಯರೂ ಹೊರುತ್ತಾರೆ. ಮಗಳು ಫೋನಿನಲ್ಲಿ ಮೌನವಾದರೆ ಒತ್ತಾಯಿಸಬೇಡಿ, ಮಾತಾಡಿದರೆ ಕೊನೆಯವರೆಗೂ ಕೇಳಿಸಿಕೊಳ್ಳಿ.

ಹೆಣ್ಣುಮಗಳೆಂಬ ಅಳುಕೂ ಬೇಡ. 2023ರ ಡಿಸೆಂಬರ್‌ನಲ್ಲಿ ಸಿಯಾಚಿನ್ ಯುದ್ಧ ಶಾಲೆಯ ತರಬೇತಿ ಮುಗಿಸಿದ ಕ್ಯಾಪ್ಟನ್ ಗೀತಿಕಾ ಕೌಲ್ ಅಲ್ಲಿ ನಿಯೋಜಿತರಾದ ಮೊದಲ ಮಹಿಳಾ ವೈದ್ಯಾಧಿಕಾರಿ ಎನಿಸಿದ್ದಾರೆ. ಓದಿನ ವಿಚಾರಕ್ಕೆ ಬಂದರೆ, ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲೂ ಸೇನೆಯ ದೊಡ್ಡ ಆಸ್ಪತ್ರೆಗಳಲ್ಲೂ ಸ್ನಾತಕೋತ್ತರ ಶಿಕ್ಷಣವಿದೆ; ಅದರ ನಿಯಮಗಳನ್ನು ಮಗಳು ತನ್ನ ಹಿರಿಯ ಅಧಿಕಾರಿಗಳಿಂದ ಈಗಲೇ ಕೇಳಿ ತಿಳಿದುಕೊಂಡಿರಲಿ.